ಇನ್ನೂ ಬಾರದ ಕಾರಿನ ಸರ್ವೆ

ಒಂದು ವಸ್ತುವನ್ನು ಕೊಂಡ ಮೇಲೆ ಸಿಗುವ ಸುಖ ಹೆಚ್ಚೆಂದರೆ ಒಂದು ವಾರದ್ದು. ಕೊಳ್ಳುವ ಮುಂಚೆ ಅದರ ವಿಚಾರಣೆ ಮಾಡುತ್ತಾ ಓಡಾಡುವ ಸುಖಕ್ಕೆ ಮಾತ್ರ ಕೊನೆಯೇ ಇಲ್ಲ. ಇದು ನನ್ನ ಸ್ವಂತ ಅನುಭವ. ಮದುವೆಯಾದ ಹೊಸತರಲ್ಲಿ ಒಂದು ಮಿಕ್ಸಿ ಕೊಳ್ಳಲು ಮಧುಗಿರಿ, ಶಿರಾ, ತುಮಕೂರಿನ ಅಂಗಡಿಗಳನ್ನೆಲ್ಲ ಐದು ತಿಂಗಳು ಸುತ್ತಿ, ಜಾರುಗಳ ಅಗಲ ಆಳಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡವನು ನಾನು. ಆ ಐದು ತಿಂಗಳೂ ನನ್ನ ಹೆಂಡತಿ ಗಿರಿಜಾ ಒರಳಿನಲ್ಲಿ ರುಬ್ಬಿದಳು. ಕೊನೆಗೆ ಪಾವಗಡದಿಂದ ಅತ್ತೆಯವರೇ ಒಂದು ಮಿಕ್ಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ನೆಂಟರು ಕೇಳಿದರೆ, "ನಮ್ಮ ಅಳಿಯಂದ್ರು ಇನ್ನಾ ಓದ್ತಾ ಅವ್ರೆ" ಎಂದರಂತೆ. ಯಾವುದೋ ದೊಡ್ಡ ಪರೀಕ್ಷೆಗೆ ಕೂತಿದ್ದೇನೆಂದು ನೆಂಟರು ನನಗೆ ಬಹಳ ದಿನ ಗೌರವ ಕೊಟ್ಟರು.

ನನ್ನ ಉದ್ಯೋಗವೇ ಅಳೆಯುವುದು. ಕೊರಟಗೆರೆ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರು. ಇಬ್ಬರ ಹೊಲದ ನಡುವೆ ಗೆರೆ ಎಳೆದು, ಇಬ್ಬರಿಂದಲೂ ಬೈಸಿಕೊಂಡು ಸಂಜೆ ಮಧುಗಿರಿಯ ಮನೆಗೆ ಬರುತ್ತೇನೆ. ಗಿರಿಜಾ ಕೊಳಾಲದ ಹತ್ತಿರ ಹೈಸ್ಕೂಲ್ ಟೀಚರ್. ಅವಳಿಗೆ ದಿನಾ ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು, ನಾಲ್ಕರಲ್ಲೂ ನಿಂತೇ ಪ್ರಯಾಣ. "ಕಂಬಿ ಹಿಡಿದೂ ಹಿಡಿದೂ ನನ್ನ ಬಲಗೈ ಎಡಗೈಗಿಂತ ಉದ್ದ ಆಗಿದೆ, ನೀವೇ ಟೇಪು ಹಿಡಿದು ನೋಡಿ ಬೇಕಾದ್ರೆ" ಎನ್ನುತ್ತಿದ್ದಳು. ನಾನು ಪ್ರತಿಸಲವೂ, "ಸ್ವಲ್ಪ ತಡಿ, ಕಾರು ಬರ್ತಾ ಇದೆ" ಎನ್ನುತ್ತಿದ್ದೆ.

ಸುಳ್ಳಲ್ಲ, ಕಾರು ಬರುತ್ತಲೇ ಇತ್ತು. ಒಂದು ಕಂಪನಿಯವರು ಸಾಮಾನ್ಯ ಜನಕ್ಕೆಂದೇ ಕರೆಂಟಿನ ಕಾರು ಬಿಡುತ್ತೇವೆಂದು ಸಾರಿದ್ದರು. ಯುಗಾದಿಗೆ ಎಂದರು, ಆಮೇಲೆ ದಸರಾ ಎಂದರು, ಆಮೇಲೆ ಯಾವ ವರ್ಷದ್ದೆಂದು ಹೇಳದೆ ಮತ್ತೆ ಯುಗಾದಿ ಎಂದರು. ಸಾಮಾನ್ಯ ಜನ ಎಷ್ಟು ಕಾಯಬಲ್ಲರೆಂಬುದನ್ನು ಅವರು ಚೆನ್ನಾಗಿಯೇ ಲೆಕ್ಕ ಹಾಕಿದ್ದರು. ನನಗೂ ಅವಸರವಿರಲಿಲ್ಲ. ಎರಡು ವರ್ಷ ಬೆಳಿಗ್ಗೆ ಎದ್ದೊಡನೆ ಮೊಬೈಲಿನಲ್ಲಿ ಅದೇ ಕಾರಿನ ವಿಡಿಯೋ. ಬ್ಯಾಟರಿಯ ಒಳಗೆ ಏನೇನಿದೆ, ಒಂದು ಸಲ ಚಾರ್ಜು ಮಾಡಿದರೆ ಕಂಪನಿ ಎಷ್ಟು ದೂರ ಎನ್ನುತ್ತದೆ, ನಿಜವಾಗಿ ಎಷ್ಟು ಹೋಗುತ್ತದೆ, ಎಲ್ಲವೂ ಬಾಯಿಪಾಠ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಹೋಗಿ ಕೂತರೆ ಅಕ್ಕಪಕ್ಕದವರು ಬೇಗ ಬೇಗ ಕಾಫಿ ಮುಗಿಸುತ್ತಿದ್ದರು.

ಒಂದು ಭಾನುವಾರ ಕಾರಿನ ಉದ್ದಗಲ ಪ್ರಕಟವಾಯಿತು. ಸರ್ವೇಯರಿಗೆ ಇದಕ್ಕಿಂತ ಹಬ್ಬ ಬೇಕೆ? ಟೇಪು ಹಿಡಿದು, ಗಿರಿಜಾಳ ರಂಗೋಲಿ ಡಬ್ಬಿ ತಂದು, ಮನೆಯ ಮುಂದೆ ಕಾರಿನ ಪೂರ್ತಿ ನಕ್ಷೆ ಬರೆದೆ. ನಾಲ್ಕು ಚಕ್ರ, ಎರಡು ಕನ್ನಡಿ, ಹಿಂದೆ ಡಿಕ್ಕಿ. ಒಳಗೆ ಐದು ಪ್ಲಾಸ್ಟಿಕ್ ಕುರ್ಚಿ ಹಾಕಿ ಮನೆಯವರನ್ನು ಕರೆದೆ. ಅತ್ತೆ ಆಗ ಪಾವಗಡದಿಂದ ಬಂದಿದ್ದರು. ಅವರು ಬಂದವರೇ ಮುಂದಿನ ಎಡಗಡೆಯ ಕುರ್ಚಿ ಹಿಡಿದರು.

"ಅತ್ತೆ, ಅದು ಗಿರಿಜಾಳ ಸೀಟು."

"ಹಿಂದೆ ಕೂತ್ರೆ ನಂಗೆ ವಾಂತಿ ಬರ್ತೈತೆ ಅಳಿಯಂದ್ರೇ. ಆಮ್ಯಾಕೆ ನಿಮ್ ಕಾರು ಗಲೀಜಾದ್ರೆ ನನ್ನ ಅನ್‌ಬ್ಯಾಡಿ" ಎಂದು ರಂಗೋಲಿಯ ಕಾರಿನಲ್ಲೇ ಬಾಯಿಗೆ ಸೆರಗು ಹಿಡಿದರು. ಗಿರಿಜಾ ಬಲಗಡೆಯ ಕುರ್ಚಿಯಲ್ಲಿ ಕೂತಿದ್ದಳು. "ಅದು ಡ್ರೈವರ್ ಜಾಗ" ಎಂದೆ. "ಹೌದಾ?" ಎಂದು ನನ್ನ ಮುಖ ನೋಡಿ ಎದ್ದು ಹಿಂದೆ ಹೋದಳು.

ಪಕ್ಕದ ಮನೆಯ ಹನುಮಂತರಾಯಪ್ಪನವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವರು ರಿಟೈರಾದ ಬಸ್ ಕಂಡಕ್ಟರು. "ಏನ್ ಸಾರ್ ಇದು, ಮನೆ ಮುಂದೆ ಇನ್ನೊಂದ್ ಪಾಯ ಹಾಕ್ತಾ ಇದ್ದೀರಾ?" ಎಂದರು. ಕಾರು ಎಂದು ಹೇಳಿದ ಮೇಲೆ ಒಳಗೆ ಬಂದು, ಗೆರೆಯ ಸುತ್ತ ಒಂದು ಸುತ್ತು ಹಾಕಿ, ಕುರ್ಚಿಗಳ ನಡುವಿನ ಸಂದನ್ನು ಕಣ್ಣಿನಲ್ಲೇ ಅಳೆದು, "ಐದೇ ಜನವಾ? ವೇಸ್ಟ್ ಮಾಡ್‌ಬುಟ್ಟವ್ರೆ. ಇಲ್ಲಿ ಮೂರು ಜನ ಆರಾಮಾಗಿ ನಿಂತ್ಕಬೌದು" ಎಂದು ತೀರ್ಪು ಕೊಟ್ಟರು. ಇದು ಕರೆಂಟಿನಲ್ಲಿ ಓಡುವುದೆಂದು ನಾನು ವಿವರಿಸತೊಡಗಿದಾಗ ಅತ್ತೆಗೆ ಉತ್ಸಾಹ ಬಂತು. "ಅಂಗಾದ್ರೆ ನಮ್ಮೂರಿಗೆ ಚಿಂತೇನೇ ಇಲ್ಲ. ನಮ್ ಕಡೆ ಬಿಸಿಲಿಂದನೇ ಕರೆಂಟು ತೆಗೀತಾರಲ್ಲ. ಪಾವಗಡಕ್ಕೆ ಬಂದ್ರೆ ಇದು ತವರಿಗೆ ಬಂದಂಗೆ."

ಅಂತೂ ಒಂದು ದಿನ ಕಾರು ಬಂತು. ತುಮಕೂರಿನ ಶೋರೂಮಿನವರು ಜನಕ್ಕೆ ತೋರಿಸಲೆಂದು ಒಂದನ್ನು ಮಧುಗಿರಿಗೆ ತಂದು ಶಾಮಿಯಾನದ ಕೆಳಗೆ ನಿಲ್ಲಿಸಿದ್ದರು. ನಾನು, ಗಿರಿಜಾ, ಅತ್ತೆ ಹೋದೆವು. ನನ್ನ ಕೈಯಲ್ಲಿ ಅರವತ್ತೊಂದು ಪ್ರಶ್ನೆಗಳ ನೋಟ್‌ಬುಕ್ಕು. ಟೈ ಕಟ್ಟಿದ ನಡುವಯಸ್ಸಿನವರೊಬ್ಬರು ನಗುನಗುತ್ತಾ ಎದುರು ಬಂದರು. ಹತ್ತನೆಯ ಪ್ರಶ್ನೆಗೆ ಅವರ ನಗು ಹೋಯಿತು. ಇಪ್ಪತ್ತನೆಯದಕ್ಕೆ ಟೈ ಸಡಿಲವಾಯಿತು. "ಜೋರು ಮಳೆ ಬಂದು ರಸ್ತೆಯಲ್ಲಿ ಎರಡಡಿ ನೀರು ನಿಂತರೆ ಬ್ಯಾಟರಿ ಗತಿ ಏನು?" ಎಂದು ಕೇಳಿದಾಗ ಆ ಪುಣ್ಯಾತ್ಮರು ಆಕಾಶ ನೋಡಿ, "ಸರ್, ಇಲ್ಲಿ ಅಷ್ಟೊಂದು ಮಳೆ ಬರುತ್ತಾ?" ಎಂದರು. ಕೊನೆಗೆ ಕೈಮುಗಿದು, "ಒಂದು ರೌಂಡ್ ಓಡಿಸಿಯೇ ನೋಡಿಬಿಡಿ ಸರ್. ಲೈಸೆನ್ಸ್ ಕೊಡಿ" ಎಂದರು.

ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಸರ್, ಇದು ಟೂ ವೀಲರ್‌ದು."

ಓದುಗರು ನಂಬಬೇಕು. ಎರಡು ವರ್ಷದಲ್ಲಿ ನಾನು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಹಿಮಾಲಯದ ತಿರುವಿನಲ್ಲಿ, ಎಲ್ಲೆಲ್ಲೋ ಮೊಬೈಲಿನಲ್ಲೇ ಎಷ್ಟು ಕಾರು ಓಡಿಸಿದ್ದೆನೆಂದರೆ, ನನಗೆ ಕಾರು ಓಡಿಸಲು ಬರುವುದಿಲ್ಲ ಎಂಬ ಸಣ್ಣ ಸಂಗತಿ ಮರೆತೇ ಹೋಗಿತ್ತು. ಅರವತ್ತೊಂದು ಪ್ರಶ್ನೆಗಳಲ್ಲಿ ಅದೊಂದು ಇರಲಿಲ್ಲ. ಶಾಮಿಯಾನದ ಕೆಳಗೆ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೆಲ ಬಿರಿದರೆ ಅದರ ಅಗಲ ಅಳೆಯದೆ ಒಳಗೆ ಇಳಿದುಬಿಡುತ್ತಿದ್ದೆ.

ಅಷ್ಟರಲ್ಲಿ ಗಿರಿಜಾ ತನ್ನ ಬ್ಯಾಗಿನಿಂದ, ಟಿಫನ್ ಡಬ್ಬಿಯ ಪಕ್ಕದಿಂದ, ಒಂದು ಕಾರ್ಡು ತೆಗೆದು ಚಾಚಿದಳು. "ಇದು ಆಗುತ್ತಾ ನೋಡಿ."

ಆಗುತ್ತಿತ್ತು. ಕಾರಿನದೇ ಲೈಸೆನ್ಸು.

"ಯಾವಾಗ ಕಲಿತೆ?" ಎಂದೆ.

"ಹೋದ ಬೇಸಿಗೆ ರಜದಲ್ಲಿ. ಬೆಳಿಗ್ಗೆ ಆರಕ್ಕೆ ಹೋಗಿ ಏಳಕ್ಕೆ ಬರ್ತಿದ್ದೆನಲ್ಲ. ದಿನಾ ನಿಮಗೆ ಹೇಳೇ ಹೋಗ್ತಿದ್ದೆ. ನೀವು ವಿಡಿಯೋ ನೋಡ್ತಾ 'ಹೂಂ' ಅಂತಿದ್ರಿ."

ಕೊರಟಗೆರೆ ರಸ್ತೆಯಲ್ಲಿ ಹೊರಟೆವು. ಅತ್ತೆ ಎಂದಿನಂತೆ ಮುಂದಿನ ಸೀಟು ಹಿಡಿದದ್ದರಿಂದ ನಾನೂ ಟೈ ಕಟ್ಟಿದವರೂ ಹಿಂದೆ, ಚುನಾವಣೆಯಲ್ಲಿ ಸೋತ ಇಬ್ಬರಂತೆ ಕೂತೆವು. ಊರ ಹೊರಗಿನ ಪೆಟ್ರೋಲ್ ಬಂಕು ದಾಟಿದ ಮೇಲೆ ಅತ್ತೆ, "ಇನ್ನಾ ಎಷ್ಟೊತ್ತಮ್ಮಾ? ಸ್ಟಾರ್ಟ್ ಮಾಡು" ಎಂದರು.

"ಹೋಗ್ತಾ ಇದೀವಲ್ಲಮ್ಮಾ."

ಅತ್ತೆ ಕಿಟಕಿಯಾಚೆ ಓಡುತ್ತಿದ್ದ ಹುಣಸೆಮರಗಳನ್ನು ನೋಡಿ, ಮತ್ತೊಮ್ಮೆ ನೋಡಿ, "ಬಾಗುಂದಿ! ಸದ್ದೇ ಇಲ್ಲ ಕಣಮ್ಮ" ಎಂದು ಪಾವಗಡದ ತೆಲುಗು ಬೆರೆಸಿ ಮೆಚ್ಚಿಕೊಂಡರು. ವಾಂತಿಯ ಮಾತೇ ಬರಲಿಲ್ಲ.

ಗಿರಿಜಾ ಕೇಳಿದ್ದು ಮೂರೇ ಪ್ರಶ್ನೆ. ಸೀಟು ಇನ್ನೊಂಚೂರು ಮುಂದೆ ಬರುತ್ತಾ? ಊಟದ ಬ್ಯಾಗು ಉರುಳದಂತೆ ಎಲ್ಲಿ ಇಡೋದು? ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಕೊಳಾಲಕ್ಕೆ ಹೋಗಿ ಬಂದು, ಸಂಜೆ ಸಂತೆಗೂ ಆಗುತ್ತಾ? ಟೈ ಕಟ್ಟಿದವರು ಮೂರಕ್ಕೂ ಉತ್ತರ ಹೇಳಿದರು. ಹೇಳುವಾಗ ಅವರ ನಗು ವಾಪಸ್ಸು ಬಂದಿತ್ತು. "ಸರಿ, ಸಾಕು" ಎಂದಳು. ಸ್ಟೀರಿಂಗಿನ ಮೇಲಿದ್ದ ಅವಳ ಎರಡು ಕೈಗಳನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ನಿಂತು ನಿಂತು ಸಾಕಾದವಳು ಕೂತಿದ್ದಳು. ಕೊಳಾಲ ಎಂಬ ಹೆಸರು ನನ್ನ ನೋಟ್‌ಬುಕ್ಕಿನ ಯಾವ ಪುಟದಲ್ಲೂ ಇರಲಿಲ್ಲ. ಆ ಪುಸ್ತಕವನ್ನು ಮೆಲ್ಲಗೆ ಮಡಿಚಿ ಜೇಬಿಗೆ ಹಾಕಿಕೊಂಡೆ.

ಆದರೂ ಹುಟ್ಟುಗುಣ ಬಿಡಬೇಕಲ್ಲ. ಇಳಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ಆರು ತಿಂಗಳು ತಡೆದರೆ ಇನ್ನೂ ದೊಡ್ಡ ಬ್ಯಾಟರೀದು ಬರುತ್ತಂತೆ" ಎಂದೆ.

"ಬರ್ಲಿ ಬಿಡಿ. ಅದರ ಬಗ್ಗೆ ನೀವು ಓದ್ತಾ ಇರಿ. ಅಷ್ಟರಲ್ಲಿ ನಾನು ಇದರಲ್ಲಿ ಸ್ಕೂಲಿಗೆ ಹೋಗಿರ್ತೀನಿ" ಎಂದು ಅಲ್ಲೇ ಬುಕ್ ಮಾಡಿದಳು.

ಈಗ ಕಾರು ಬಂದಿದೆ. ಕೊಳಾಲಕ್ಕೆ ಹೋಗುವ ದಾರಿಯಲ್ಲೇ ಕೊರಟಗೆರೆ ಇರುವುದರಿಂದ ನನ್ನನ್ನೂ ಕೂರಿಸಿಕೊಂಡು ಹೋಗುತ್ತಾಳೆ. ಅವಳು ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರಬೇಕು. ಹೀಗಾಗಿ ಇಷ್ಟು ವರ್ಷ ಹನ್ನೊಂದಕ್ಕೆ ಮುಂಚೆ ಕಚೇರಿಯ ಮೆಟ್ಟಿಲು ಕಾಣದವನು ಒಂಬತ್ತಕ್ಕೆಲ್ಲ ಅಲ್ಲಿ ಇಳಿದಿರುತ್ತೇನೆ. ಮೊದಲ ದಿನ ಬಾಗಿಲೇ ತೆರೆದಿರಲಿಲ್ಲ. ಎರಡನೆಯ ದಿನ ಅರ್ಜಿ ಹಿಡಿದು ಬಂದಿದ್ದ ರೈತನೊಬ್ಬ ವರಾಂಡದಲ್ಲಿ ನನ್ನನ್ನು ಕಂಡು ಬೆಚ್ಚಿಬಿದ್ದು, ಫೋನಿನಲ್ಲಿ, "ಲೇ, ಬಿರ್ರನೆ ಬಾರ್ಲಾ, ಸರ್ವೇಯರು ಸಿಕ್ಕವ್ರೆ ಕಣ್ಲಾ!" ಎಂದು ಕೂಗಿದ. ಒಂದು ವಾರದೊಳಗೆ ನಾನು ಇಳಿಯುವ ಹೊತ್ತಿಗೆ ಹತ್ತು ಜನ ಕಾಯುವಂತಾಯಿತು. 'ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ' ಎಂಬ ಸಿದ್ಧ ಉತ್ತರ ಹೇಳಲು ಆ ಹೊತ್ತಿಗೆ ಅಟೆಂಡರೂ ಬಂದಿರುವುದಿಲ್ಲ. ಬೇರೆ ದಾರಿ ಕಾಣದೆ ಕೆಲಸ ಮಾಡುತ್ತಿದ್ದೇನೆ.

ಮೊನ್ನೆ ವಯಸ್ಸಾದ ರೈತರೊಬ್ಬರು ನನ್ನ ಮೇಜಿನ ಹತ್ತಿರ ಬಗ್ಗಿ, ದನಿ ಇಳಿಸಿ, "ಯಾಕ್ ಸ್ವಾಮಿ, ಇಷ್ಟೊತ್ಗೇ ಬಂದ್ಬುಟ್ಟಿದ್ದೀರಾ? ಮ್ಯಾಲಿನೋರು ಯಾರಾನಾ ಗದರಿಸ್‌ಬುಟ್ರಾ?" ಎಂದು ಕೇಳಿದರು.

"ಹೂಂ ಯಜಮಾನ್ರೇ" ಎಂದೆ. "ಮೇಲಿನವರೇ ಖುದ್ದಾಗಿ ತಂದು ಇಳಿಸಿ ಹೋದರು."

ಅವರು ಕನಿಕರದಿಂದ ಲೊಚಗುಟ್ಟಿ, ತಮ್ಮ ಅರ್ಜಿಯನ್ನು ಮುಂದಿಟ್ಟರು.