ಕಾಲಿಗೆ ಕೊಟ್ಟ ನೀರು

ವಿಜ್ಞಾನ ಕಲಿಸುವವರಿಗೆ ಪ್ರಯೋಗ ಕೆಡುವುದು ಹೊಸದೇನಲ್ಲ. ಆದರೆ ನಮ್ಮ ಯಲಬುರ್ಗಾ ಕಡೆ ಅದು ಜನರ ಒಳ್ಳೆಯತನದಿಂದಲೇ ಕೆಡುತ್ತದೆ, ಮತ್ತೆ ಮತ್ತೆ ಕೆಡುತ್ತದೆ.

ತಳಕಲ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಟೀಚರು. ಕಳೆದ ವರ್ಷ ವಿಜ್ಞಾನಿ ಮೇಡಂ ಒಬ್ಬರು ಬಂದು, ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರ ಜೊತೆ ಸೇರಿ ಊರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ನೋಡೋಣ ಎಂದರು. ನಾನು ಕುಣಿದುಬಿಟ್ಟೆ. ಕುಷ್ಟಗಿ ಕಡೆಯ ಬೋರಿನ ನೀರು ಕುಡಿದು ಬೆಳೆದವಳು ನಾನು. ಅದರ ಫ್ಲೋರೈಡಿಗೆ ಹಲ್ಲಿನ ಮೇಲೆಲ್ಲ ಕಂದು ಗೆರೆ. ಮದುವೆ ಫೋಟೋದಲ್ಲೂ ಬಾಯಿ ಮುಚ್ಚಿಕೊಂಡೇ ನಕ್ಕಿದ್ದೇನೆ. ಈ ಹುಡುಗಿಯರ ಪುಟ್ಟ ತಮ್ಮ ತಂಗಿಯರಿಗಾದರೂ ಆ ಗತಿ ಬರಬಾರದು ಎಂಬುದೊಂದೇ ನನ್ನ ಹಟ.

೧. ಮಂಗಳದ ಬಣ್ಣ

ಮೊದಲು ಶಾಲೆಯದೇ ಬೋರು. ಔಷಧದ ಹನಿ ಹಾಕಿದಾಗ ನೀರು ಗುಲಾಬಿಯಾಗಿದ್ದರೆ ಸರಿ, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು ಎಂದು ಮೇಡಂ ವಿವರಿಸಿದರು. ಆಗ ಹೆಡ್‌ಮಾಸ್ತರರು ಫೋನಿನಲ್ಲಿದ್ದರು. ಅವರು ಬರುವಷ್ಟರಲ್ಲಿ ನೀರು ಅಚ್ಚ ಅರಿಶಿನದ ಬಣ್ಣ.

"ಭಾಳ ಛಲೋ ಆತ್ರಿ! ಮಂಗಳದ ಬಣ್ಣ ಬಂತು!" ಎಂದು ಚಪ್ಪಾಳೆ ತಟ್ಟಿ, ಆ ಖುಷಿಗೆ ಅದೇ ಬೋರಿನ ನೀರಿನಲ್ಲಿ ಎಲ್ಲರಿಗೂ ಚಹಾ ಮಾಡಿಸಿದರು. ಮೇಡಂ ಕಪ್ಪು ಹಿಡಿದು ನನ್ನ ಮುಖ ನೋಡಿದರು. ನಾನು ಹೆಡ್‌ಮಾಸ್ತರರ ಮುಖ ನೋಡಿದೆ.

"ಯಾಕ್ರಿ, ಸಕ್ಕರಿ ಕಡಿಮಿ ಆತೇನು?" ಎಂದರು.

೨. ಊರು ದಾಟುವ ನೀರು

ಮನೆಯ ನೀರು ತುಂಬಿಕೊಂಡು ಬರಲು ಹುಡುಗಿಯರಿಗೆ ಬಾಟಲಿ ಕೊಟ್ಟು ಕಳಿಸಿದೆವು. ಒಬ್ಬಳ ಬಾಟಲಿ ಕುಂಕುಮ ಹಚ್ಚಿಕೊಂಡು ಬಂತು. ಮುಚ್ಚಳ ತೆಗೆದರೆ ಏಲಕ್ಕಿ ವಾಸನೆ.

"ನಮ್ಮಜ್ಜಿ ಹಾಕ್ಯಾಳ್ರಿ ಟೀಚರ್. ಊರು ದಾಟಿ ಹೋಗೋ ನೀರು, ಬರೇ ನೀರು ಹೆಂಗ ಕಳಸೋದು ಅಂದ್ಲು."

೩. ಓಣಿಯೆಲ್ಲ ಗುಲಾಬಿ

ಕೊನೆಗೆ ನಾವೇ ಮನೆ ಮನೆಗೆ ಹೋದೆವು. ಎಲ್ಲರೂ ನಗುನಗುತ್ತಾ ಬಾಟಲಿ ತುಂಬಿಸಿ ಕೊಟ್ಟರು. ಪರೀಕ್ಷೆ ಮಾಡಿದರೆ ಓಣಿಗೆ ಓಣಿಯೇ ಗುಲಾಬಿ! ಶಾಲೆಯ ನೀರು ಹಳದಿ, ಗೋಡೆಯಾಚೆಯ ಮನೆಯದು ಗುಲಾಬಿ. ಮೇಡಂ ತಲೆ ಕೆರೆದುಕೊಂಡರು.

ಏಲಕ್ಕಿ ಅಜ್ಜಿಯ ಮನೆಗೆ ಹೋಗಿ ವಿಚಾರಿಸಿದಾಗ ಗುಟ್ಟು ಹೊರಬಿತ್ತು. ನೀರಿನ ಘಟಕದಿಂದ ತಂದ ಫಿಲ್ಟರ್ ನೀರಿನ ಕ್ಯಾನೊಂದು ಎಲ್ಲರ ಮನೆಯಲ್ಲೂ ಇತ್ತು, ಬಂದವರಿಗೆ ಕೊಡಲೆಂದೇ.

"ಹೊರಗಿನವರು ನೀರು ಕೇಳ್ಯಾರ, ಸವಳು ನೀರು ಕೊಟ್ಟು ಊರ ಮರ್ಯಾದಿ ಕಳೀಲೇನ್ರಿ?" ಎಂದಳು ಅಜ್ಜಿ.

ಹೀಗೆ ಒಂದೇ ಘಟಕದ ನೀರನ್ನು ನಾವು ಬಿಸಿಲಲ್ಲಿ ಓಣಿ ತುಂಬ ತಿರುಗಿ ಪರೀಕ್ಷೆ ಮಾಡಿದ್ದೆವು.

೪. ಬೀಗರು ಬಂದರು

ನಾನು ಕೈಚೆಲ್ಲಿ ಕೂತಿದ್ದೆ. ಅಜ್ಜಿಯ ಮೊಮ್ಮಗಳೇ ದಾರಿ ತೋರಿಸಿದಳು. "ಟೀಚರ್, ಕುಡಿಯಾಕ ಕೊಡೋ ನೀರು ಬ್ಯಾಡ್ರಿ. ಬಂದವರಿಗೆ ಮೊದಲ ಕಾಲು ತೊಳಿಯಾಕ ತಂಬಿಗಿ ಕೊಡ್ತಾರಲ್ರಿ, ಅದನ್ನ ಹಿಡೀರಿ. ಅದು ಬೋರಿನ ನೀರು!"

ಮೊದಲು ಅವಳ ಮನೆಗೇ ಹೋದೆವು. ಅಜ್ಜಿ ಹೊಸ್ತಿಲ ಹತ್ತಿರ ತಂಬಿಗೆ ಇಟ್ಟಳು. ಮೇಡಂ ಚಪ್ಪಲಿ ಬಿಟ್ಟವರೇ ಆ ನೀರನ್ನು ಬಾಟಲಿಗೆ ಸುರಿದುಕೊಂಡರು.

"ಅಯ್ಯ ನಮ್ಮವ್ವ! ಕಾಲಿಗೆ ಕೊಟ್ಟ ನೀರು ತುಂಬ್ಕೊಳ್ಳಾಕತ್ತಾರಲ್ಲ! ಯಾರರ ಕುಡದ್ರ ಏನ್ ಗತಿ? ಆ ನೀರು ಛಲೋ ಇಲ್ರಿ ಅಕ್ಕಾರ!"

"ಹಂಗಾರ ನಿಮ್ಮ ಮೊಮ್ಮಕ್ಕಳು ಯಾವ ನೀರು ಕುಡೀತಾರ?" ಎಂದೆ.

"ಅದನ್ನ ಕುಡೀತಾರ. ಹುಡುಗ್ರೇನು ಬೀಗರೇನ್ರಿ, ದಿನಾ ಫಿಲ್ಟರ್ ನೀರು ಕೊಡಾಕ?"

ಅಷ್ಟರಲ್ಲಿ ಮೇಡಂ ಔಷಧದ ಹನಿ ಹಾಕಿದ ನೀರು ಹಳದಿಯಾಯಿತು. ನಾನು ಅಜ್ಜಿಯ ಮುಂದೆ ಬಾಯಿ ಅಗಲಿಸಿ ಹಲ್ಲು ತೋರಿಸಿದೆ, ಹುಡುಗಿಯರೆಲ್ಲ ನೋಡುತ್ತಿದ್ದರೂ. ನಾಚಿಕೆಯಾಯಿತು, ಆದರೂ ತೋರಿಸಿದೆ. ಅಜ್ಜಿ ನನ್ನ ಹಲ್ಲು ನೋಡಿದಳು, ಅಂಗಳದಲ್ಲಿ ಆಡುತ್ತಿದ್ದ ಕಿರಿಯ ಮೊಮ್ಮಗಳನ್ನು ನೋಡಿದಳು.

ದೊಡ್ಡವಳು ತಂಗಿಯ ಕೈ ಹಿಡಿದು ಬೀದಿಗೆ ಓಡಿದಳು. ತಲೆ ಮೇಲೆ ದುಪಟ್ಟಾ ಎಳೆದುಕೊಂಡು ತಿರುಗಿ ಬಂದು ಹೊಸ್ತಿಲಾಚೆ ನಿಂತಳು. "ಬೀಗರು ಬಂದೇವ್ರಿ! ಕಾಲು ತೊಳ್ಕೊಂಡೇವಿ, ಕುಡಿಯಾಕ ನೀರು ತರ್ರಿ!"

ಅಜ್ಜಿ ಒಳಗೆ ಹೋಗಿ ಕ್ಯಾನಿನ ನೀರನ್ನೇ ಎರಡು ಲೋಟ ತಂದಳು, ಜೊತೆಗೆ ಬೆಲ್ಲ. ಇಬ್ಬರೂ ಗಟಗಟ ಕುಡಿದರು.

"ಕುಡೀರವ್ವಾ ಬೀಗತ್ಯಾರ. ದಿನಾ ಬರ್ರಿ. ಆದ್ರ ಬೀಗರು ಖಾಲಿ ಕೈಲೆ ಬರಬಾರದು, ನಾಳಿಯಿಂದ ಕ್ಯಾನ್ ನೀವ ಹೊತ್ಕೊಂಡು ಬರ್ರಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದೇ ಹೊತ್ತಿಗೆ ಮೇಡಂ ಫೋಟೋ ಹೊಡೆದರು. ನನ್ನ ಹಲ್ಲು ಕಾಣುವ ಫೋಟೋ ಅದೊಂದೇ.