ಹಳದಿ ಬಿದ್ದ ಮುಖ

ನಮ್ಮ ಆರೋಗ್ಯದ ವಿಷಯದಲ್ಲಿ ನಾವು ಯಾರ ಮಾತನ್ನು ನಂಬುತ್ತೇವೆ ಎಂಬುದಕ್ಕೆ ತಲೆಬುಡವಿಲ್ಲ. ಡಾಕ್ಟರು ಹೇಳಿದರೆ ಅನುಮಾನ, ಪಕ್ಕದ ಮನೆಯವರು ಹೇಳಿದರೆ ಭಯ. ನಾನಂತೂ ಒಂದು ಹಳೆಯ ಕಂಪ್ಯೂಟರನ್ನು ನಂಬಿ ಹಾಸಿಗೆ ಹಿಡಿದವನು.

ಗೋವಾದ ಮಡ್ಕಯಿಯ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ವಿಜಯಪುರದ ಕಡೆಯಿಂದ ಬಂದು ಫೋಂಡಾದಲ್ಲಿ ಮನೆ ಮಾಡಿದ್ದೇನೆ. ಹೆಂಡತಿ ಶಾಂತವ್ವ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಬೆಳಿಗ್ಗೆ ಅವಳ ಬಸ್ಸು ಬೇರೆ, ನನ್ನ ಬಸ್ಸು ಬೇರೆ. ಸಂಜೆ ದಣಿದು ಬಂದ ಮೇಲೆ ಗ್ಯಾಸ್ ಮುಗಿಯಿತು, ನಲ್ಲಿಯಲ್ಲಿ ನೀರು ಬರಲಿಲ್ಲ ಎಂಬಷ್ಟೇ ಮಾತು. ಜಗಳವಿಲ್ಲ, ಜಗಳಕ್ಕೂ ಸ್ವಲ್ಪ ಉತ್ಸಾಹ ಬೇಕು.

ಆಫೀಸಿನವರು ಬೇಡವೆಂದು ಕೊಟ್ಟ ಕಂಪ್ಯೂಟರೊಂದು ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಕಾರ್ಖಾನೆಯ ಆಯುಧಪೂಜೆಯ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತಂದು ಅದರಲ್ಲಿ ತೆರೆದೆ. ಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಪರದೆಯ ಹತ್ತಿರ ಬಗ್ಗಿ ನೋಡಿದಳು. ಆಮೇಲೆ, "ನಿಮ್ಮ ಮಾರಿ ಹಿಂಗ್ಯಾಕ ಹಳದಿ ಬಿದ್ದೈತ್ರಿ? ಕಾಮಣಿ ಆಗೇತೇನು?" ಎಂದಳು.

ನೋಡಿದರೆ ನಿಜ, ಕಾಮಾಲೆಯ ಹಳದಿಯೇ. ಅರಿಶಿನ ಹಚ್ಚಿದ ಮದುಮಗನಂತಿದ್ದೆ, ವಯಸ್ಸೊಂದು ಬಿಟ್ಟು. ಅಕ್ಕಪಕ್ಕದವರನ್ನು ನೋಡಿದ್ದರೆ ಅನುಮಾನ ಅಲ್ಲಿಯೇ ತೀರುತ್ತಿತ್ತು. ಆದರೆ ಗುಂಪಿನ ಫೋಟೋದಲ್ಲಿ ಬೇರೆಯವರ ಮುಖ ಯಾರು ನೋಡುತ್ತಾರೆ? ನಾನು ನನ್ನನ್ನು ನೋಡಿದೆ. ಅವಳೂ ನನ್ನನ್ನೇ ನೋಡಿದಳು. ಕನ್ನಡಿಯ ಮುಂದೆ ನಿಂತರೆ ಅಲ್ಲಿಯೂ ಹಳದಿ ಕಂಡಂತಾಯಿತು. ಅವಳು ನನ್ನ ರೆಪ್ಪೆ ಎಳೆದು ನೋಡಿ ನಿಟ್ಟುಸಿರು ಬಿಟ್ಟಳು.

ಮರುದಿನದಿಂದ ನನಗೆ ರಜೆ, ಅವಳಿಗೂ ರಜೆ. ಎಣ್ಣೆ, ಖಾರ ಬಂದ್. ಜೋಳದ ಗಂಜಿ, ಮಜ್ಜಿಗೆ. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಾಗ ನನಗೆ ನೆಮ್ಮದಿಯಾಯಿತು, ಅವಳಿಗೆ ಆಗಲಿಲ್ಲ. ಕಂಪ್ಯೂಟರಿಗೆ ಕಂಡದ್ದು ಲ್ಯಾಬಿನವರಿಗೆ ಕಾಣಲಿಲ್ಲವೆಂದರೆ ಆ ಲ್ಯಾಬೇ ಸರಿಯಿಲ್ಲ ಎಂದಳು. ಗಂಜಿ ಮುಂದುವರಿಯಿತು. ಹಾಸಿಗೆಯ ಅಂಚಿನಲ್ಲಿ ಕೂತು, ನಾನು ಕುಡಿದು ಮುಗಿಸುವವರೆಗೂ ಅವಳು ತನ್ನ ತವರಿನ ಸುದ್ದಿ ಹೇಳುತ್ತಿದ್ದಳು. ಅವಳಿಗೆ ಇಷ್ಟೊಂದು ಮಾತು ಬರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಒಂದು ಮಧ್ಯಾಹ್ನ ನಾನು ನಿದ್ದೆ ಹೋಗಿದ್ದೇನೆಂದು ತಿಳಿದು ಮೆಲ್ಲಗೆ ಅತ್ತಳು. ನಾನು ಕಣ್ಣು ತೆರೆಯಲಿಲ್ಲ.

ಅಷ್ಟರಲ್ಲಿ ಸಹೋದ್ಯೋಗಿ ಬಸಣ್ಣ ಎಳನೀರು ಹಿಡಿದು ನೋಡಲು ಬಂದ. ಶಾಂತವ್ವ ಸಾಕ್ಷಿಗೆಂದು ಫೋಟೋ ತೆರೆದಳು. ನನ್ನ ಪಕ್ಕದಲ್ಲೇ ನಿಂತಿದ್ದ ತನ್ನನ್ನು ಕಂಡು ಅವನ ಮುಖ ಬಿಳುಚಿಕೊಂಡಿತು. ಕಣ್ಣಿನ ರೆಪ್ಪೆಯನ್ನು ತಾನೇ ಎಳೆದು ನೋಡಿಕೊಂಡ. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಅಕ್ಕಾರ, ನಮಗ ಕಾಮಣಿ ಆಗೇತಿ, ಖರೇ ಅನ್ರಿ. ಆ ಒಡದ ಟೆಂಗಿನಕಾಯಿಗೂ ಆಗೇತೇನ್ರಿ?" ಎಂದು ಕೇಳಿದ.

ಕಾಯಿಯ ಬಿಳಿ ಹೋಳು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮ್ಹಾಪಸಾದಲ್ಲಿ ಮದುವೆ ಆಲ್ಬಮ್ ಮಾಡುವ ಅಂಗಡಿಯಲ್ಲಿದ್ದ ತನ್ನ ತಂಗಿಯ ಮಗಳಿಗೆ ಬಸಣ್ಣ ಫೋನ್ ಹಚ್ಚಿದ. ಫೋಟೋದಲ್ಲಿ ತಪ್ಪಿಲ್ಲ, ನಿಮ್ಮ ಪರದೆಗೆ ಹೊಂದದ ಕಲರ್ ಪ್ರೊಫೈಲ್, ಅಂದರೆ ಬಣ್ಣ ತೋರಿಸುವ ಲೆಕ್ಕ, ಕಂಪ್ಯೂಟರಿನಲ್ಲಿ ಸೇರಿಕೊಂಡಿದೆ, ಫೋಟೋ ತೆರೆದಾಗ ಮಾತ್ರ ಅದು ಬಣ್ಣ ಕೆಡಿಸುತ್ತದೆ ಎಂದಳಂತೆ. ಸೆಟ್ಟಿಂಗ್ಸಿಗೆ ಹೋಗಿ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಆ ಪ್ರೊಫೈಲ್ ತೆಗೆದು, ಸಾಮಾನ್ಯವಾದುದನ್ನು ಆರಿಸಿರಿ ಎಂದಳು. ಬಸಣ್ಣ ಹಾಗೇ ಮಾಡಿ ಫೋಟೋ ಮುಚ್ಚಿ ತೆರೆದ. ಕಾಯಿ ಬೆಳ್ಳಗಾಯಿತು. ಬಸಣ್ಣ ಕೆಂಪಗೆ ಚೆನ್ನಾಗಿಯೇ ಇದ್ದ. ನಾನು ಒಣಗಿದ ಸಿಮೆಂಟಿನ ಬಣ್ಣಕ್ಕಿದ್ದೆ. ಕೆನ್ನೆ ಒಳಕ್ಕೆ, ಕಣ್ಣ ಕೆಳಗೆ ಕಪ್ಪು.

ಶಾಂತವ್ವ ಫೋಟೋವನ್ನು ಎಷ್ಟೋ ಹೊತ್ತು ನೋಡಿದಳು. "ಇದು ನಿಮ್ಮ ಖರೇ ಬಣ್ಣನ ಐತಲ್ರಿ. ಸುಮ್ಮನ ಅಂಜಿದ್ವಿ," ಎಂದು ಒಳಗೆ ಹೋದಳು. ಒಗ್ಗರಣೆಯ ಘಾಟಿಗೆ ಬಸಣ್ಣ ಕೆಮ್ಮಿ ನಕ್ಕ. ನಾನೂ ನಕ್ಕೆ.

ಮರುದಿನ ಅವಳ ಬಸ್ಸು ಬೇರೆ, ನನ್ನ ಬಸ್ಸು ಬೇರೆ. ಸಿಮೆಂಟಿನ ಬಣ್ಣಕ್ಕೆ ಯಾವ ಪಥ್ಯವೂ ಇಲ್ಲವೆಂದು ತೋರುತ್ತದೆ. ಭಾನುವಾರ ಅವಳು ಸಂತೆಗೆ ಹೋದಾಗ ಕಂಪ್ಯೂಟರ್ ಹಚ್ಚಿ, ಕಲರ್ ಮ್ಯಾನೇಜ್‌ಮೆಂಟ್ ತೆರೆದು ಕೂತೆ. ತೆಗೆದುಹಾಕಿದ ಆ ಹಳದಿಯನ್ನು ಹಿಂದಕ್ಕೆ ತರುವುದು ಹೇಗೆಂದು ಹುಡುಕಿದೆ, ಸಿಗಲಿಲ್ಲ. ಮ್ಹಾಪಸಾದ ಹುಡುಗಿಗೆ ಫೋನ್ ಮಾಡಿ ಕೇಳಬಹುದಿತ್ತು. ಯಾಕೆ ಬೇಕೆಂದು ಅವಳು ಕೇಳಿದರೆ ಏನು ಹೇಳಬೇಕೆಂದು ತೋಚಲಿಲ್ಲ.