ಸೋದರತ್ತೆಯ ಬೆನ್ನು ಮತ್ತು ನನ್ನ ಆಟೋಫೋಕಸ್

ಉಪಕರಣವೊಂದು ಮನೆಗೆ ಬಂದರೆ ಅದರ ವಿದ್ಯೆಯೂ ಹಿಂದಿನಿಂದ ನಡೆದುಕೊಂಡು ಬರುತ್ತದೆ ಎಂದು ನಂಬುವವರಲ್ಲಿ ನಾನೂ ಒಬ್ಬ. ಹಾರ್ಮೋನಿಯಂ ಕೊಂಡ ವರ್ಷ ನಾನು ಸಂಗೀತಗಾರನಾಗಿದ್ದೆ. ಅದೀಗ ಅಟ್ಟದ ಮೇಲಿದೆ. ಇಲಿಗಳು ಆಗಾಗ ಅದರಿಂದ ನನಗಿಂತ ಒಳ್ಳೆಯ ಸ್ವರ ಹೊರಡಿಸುತ್ತವೆ. ಹೋದ ವರ್ಷ ಕ್ಯಾಮೆರಾ ಕೊಂಡೆ. ಈ ಸಲ ನನ್ನ ಧೈರ್ಯಕ್ಕೆ ಆಧಾರವಿತ್ತು. ಗೋಕಾಕದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಪೀನ ಮಸೂರದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಬರೆಯಬಲ್ಲೆ. ಆದ್ದರಿಂದ ಅಂಗಡಿಯವನು, "ಸರ್, ಈ ಉದ್ದ ಲೆನ್ಸ್ ಬಿಸಲಾಗ ಚಲೋ ಐತಿ, ಮನಿಯೊಳಗ ತ್ರಾಸ ಕೊಡತೈತಿ" ಎಂದಾಗ, ಬೆಳಕಿನ ವಕ್ರೀಭವನದ ಬಗ್ಗೆ ಅವನಿಗೆ ಹತ್ತು ನಿಮಿಷ ಪಾಠ ಮಾಡಿ, ಆ ಉದ್ದ ಲೆನ್ಸನ್ನೇ ಹಿಡಿದುಕೊಂಡು ಬಂದೆ.

ಮುಂದಿನ ಮೂರು ಭಾನುವಾರ ಗೋಕಾಕ ಫಾಲ್ಸಿನಲ್ಲಿ ಕಳೆದೆ. ಬಿಸಿಲಿನಲ್ಲಿ ನನ್ನ ಕ್ಯಾಮೆರಾ ಬಲು ಸಾಧು ಪ್ರಾಣಿ. ಗುಂಡಿಯನ್ನು ಅರ್ಧ ಒತ್ತಿದರೆ ಸಾಕು, ಆಟೋಫೋಕಸ್ ತಾನೇ ಹೋಗಿ ಬೇಕಾದ್ದನ್ನು ಹಿಡಿದು 'ಪೀಂ' ಎಂದು ವರದಿ ಒಪ್ಪಿಸುತ್ತಿತ್ತು. ಒಂದೊಂದು ಹನಿಯೂ ಎಣಿಸಬಹುದಾದಂಥ ಚಿತ್ರಗಳು. ಅವನ್ನು ನನ್ನ ಹೆಂಡತಿ ಸುಮಂಗಲೆಯ ಮುಂದೆ ಹರಡಿದೆ. ಸುಮಂಗಲೆ ಮೂಡಲಗಿಯವಳು. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ತಪ್ಪು ಕಾಣದೆ ಇದ್ದರೆ ಅವಳಿಗೆ ಅಂದು ಊಟ ಸೇರುವುದಿಲ್ಲ. ಚಿತ್ರಗಳನ್ನೆಲ್ಲ ಸಾವಕಾಶವಾಗಿ ನೋಡಿ, "ನೀರು ತಾನಾ ಬೀಳತೈತಿ, ಕಲ್ಲು ತಾನಾ ನಿಂತೈತಿ, ಬಿಸಲು ದೇವ್ರು ಕೊಟ್ಟಾನ. ಇದರಾಗ ನಿಮ್ದೇನೈತ್ರಿ?" ಎಂದಳು. ಕಾಲೇಜಿನಲ್ಲಿ ಇನ್ನೂರು ಹುಡುಗರನ್ನು ಸುಮ್ಮನಿರಿಸಬಲ್ಲ ನನಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಪ್ರಶ್ನೆಗಳನ್ನು ನಾನು ಮರೆಯುವುದೂ ಇಲ್ಲ.

ಅಷ್ಟರಲ್ಲಿ ಅವಳ ತಮ್ಮ ಬಸವರಾಜನಿಗೆ ಹೆಣ್ಣುಮಗು ಹುಟ್ಟಿತು. ಅವನ ಹೆಂಡತಿಯ ತವರು ಹುಕ್ಕೇರಿ. ಹೆಸರಿಡುವ ಕಾರ್ಯವೂ ಅಲ್ಲಿಯೇ. ನಮ್ಮ ಕಡೆ ಈ ಶಾಸ್ತ್ರದಲ್ಲಿ ಸೋದರತ್ತೆಯೇ, ಎಂದರೆ ಮಗುವಿನ ತಂದೆಯ ಅಕ್ಕನೇ, ಮುಖ್ಯ. ಅವಳು ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು. ಹಾಗೆ ಬಾಗಿದಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಶಾಸ್ತ್ರಕ್ಕಷ್ಟೇ, ಹೂವು ತಾಗಿದ ಹಾಗೆ. ಬಸವರಾಜ ಊರಿನ ಸ್ಟುಡಿಯೋದವನಿಗೆ ಹೇಳಿಟ್ಟಿದ್ದ. ನಾನು ಫೋನು ಮಾಡಿ, ಮನೆಯಲ್ಲೇ ನಾನಿರುವಾಗ ಹೊರಗಿನವನು ಯಾಕೆ ಎಂದು ಆ ಸ್ಟುಡಿಯೋದವನನ್ನು ಬಿಡಿಸಿದೆ. ಸುಮಂಗಲೆ ಬೇಡವೆಂದಳು. ಅವಳು ಬೇಡವೆಂದದ್ದೇ ನನ್ನ ನಿರ್ಧಾರವನ್ನು ಗಟ್ಟಿ ಮಾಡಿತು.

ಹುಕ್ಕೇರಿಯ ಆ ಮನೆ ಹಳೆಯದು. ಗೋಡೆ ಎರಡು ಮೊಳ ದಪ್ಪ. ತೊಟ್ಟಿಲು ಕಟ್ಟಿದ್ದ ನಡುಮನೆಗೆ ಇದ್ದದ್ದು ಒಂದೇ ಕಿಟಕಿ, ಅದರಲ್ಲಿ ಇಬ್ಬರು ಅಜ್ಜಿಯರು ಕುಳಿತಿದ್ದರು. ಉಳಿದ ಬೆಳಕೆಂದರೆ ಮೂಲೆಯ ಒಂದು ಟ್ಯೂಬ್‌ಲೈಟ್. ನಾನು ಪರೀಕ್ಷೆಗೆಂದು ಒಂದು ಫ್ಲ್ಯಾಶ್ ಹೊಡೆದೆ. ಮಲಗಿದ್ದ ಮಗು ಬೆಚ್ಚಿ ಚೀರಿತು. ಬಸವರಾಜನ ಅತ್ತೆ ಶಿವಕ್ಕ ಹತ್ತಿರ ಬಂದು, "ಬೆಳಕು ಹೊಡೀಬ್ಯಾಡ್ರಿ ಸರ್, ಕೂಸಿನ ಕಣ್ಣು ಇನ್ನಾ ಎಳೀವು ಅದಾವ" ಎಂದರು. ಫ್ಲ್ಯಾಶಿನಿಂದ ಕಣ್ಣಿಗೆ ಏನೂ ಆಗುವುದಿಲ್ಲವೆಂದು ನಾನು ವೈಜ್ಞಾನಿಕವಾಗಿ ವಿವರಿಸತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಕ್ಯಾಮೆರಾದ ಮೇಲೆ ಎದ್ದು ನಿಂತಿದ್ದ ಫ್ಲ್ಯಾಶನ್ನು ತಮ್ಮ ಕೈಯಿಂದಲೇ ಟಪ್ಪೆಂದು ಮುಚ್ಚಿ ಹೋದರು.

ಮಗು ಮತ್ತೆ ಮಲಗಿತು. ಸುಮಂಗಲೆ ಸೆರಗು ಸರಿಮಾಡಿಕೊಂಡು ಬಾಗಿದಳು. ನಾನು ಗುಂಡಿ ಒತ್ತಿದೆ. ಲೆನ್ಸು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಕತ್ತಲ ಕೋಣೆಯಲ್ಲಿ ಚಷ್ಮಾ ಹುಡುಕುವ ಮುದುಕನ ಹಾಗೆ ತಡಕಾಡುತ್ತಲೇ ಇತ್ತು. ಫೋಕಸ್ ಸಿಗದೆ ಫೋಟೋ ತೆಗೆಯುವುದಿಲ್ಲವೆಂಬ ಹಟ ಅದರದು. ಅಷ್ಟರಲ್ಲಿ 'ಕುರ್ರ್' ಆಗಿಹೋಯಿತು, ಗುದ್ದೂ ಬಿತ್ತು. ನಾನು, "ಇನ್ನೊಂದ ಸಲ" ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಶಿವಕ್ಕನ ಅಕ್ಕ ನೀಲವ್ವ ಮೇಲವಂಕಿಯವರು. ಕಬ್ಬಿನ ಹೊಲದಲ್ಲಿ ಆಳುಗಳ ಸರಿಸಮ ದುಡಿಯುವ ಕೈ. ಅವರು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, "ಇನ್ನೊಂದ ಸಲ ಅಂದ್ರ ಇನ್ನೊಂದ ಸಲ. ನಮ್ದೇನ ಹೋಗತೈತಿ?" ಎಂದರು. ಈ ಸಲ ಕ್ಯಾಮೆರಾ ಚಿತ್ರ ತೆಗೆಯಿತು. ತೊಟ್ಟಿಲಿಗೆ ಕಟ್ಟಿದ್ದ ಉಣ್ಣೆಯ ಗಿಳಿಯ ಒಂದೊಂದು ಎಳೆಯೂ ಸ್ಪಷ್ಟವಾಗಿತ್ತು; ಅದರ ಹಿಂದೆ ಮಗುವೂ ನನ್ನ ಹೆಂಡತಿಯೂ ಇದ್ದಾರೆಂಬುದಕ್ಕೆ ನನ್ನ ಮಾತೇ ಸಾಕ್ಷಿ. ಮೂರನೆಯ ಸಲ ಅಡುಗೆಮನೆಯ ಹೆಂಗಸರೂ ಕೈ ತೊಳೆದುಕೊಂಡು ಬಂದು ಸೇರಿದರು. ಕ್ಯಾಮೆರಾ 'ಪೀಂ' ಎಂದಿತು. ನಾನು ಅದರ ಬೆನ್ನಿನ ಪುಟ್ಟ ಪರದೆಯನ್ನು ನೋಡಿ, "ಇನ್ನೊಂದ ಸಲ" ಎಂದೆ.

ಹೆಂಗಸರ ಈ ಉತ್ಸಾಹಕ್ಕೆ ಕಾರಣವಿತ್ತು. ಬಸವರಾಜನ ಮದುವೆಯ ಊಟದಲ್ಲಿ ಸುಮಂಗಲೆ ಒಂದು ಹೋಳಿಗೆಯನ್ನು ದೀಪಕ್ಕೆ ಅಡ್ಡ ಹಿಡಿದು, ಹೂರಣ ಎಲ್ಲಿದೆ ಎಂದು ಪಂಕ್ತಿಗೆಲ್ಲ ಕೇಳುವಂತೆ ವಿಚಾರಿಸಿದ್ದಳು. ಬೀಗರ ಮನೆಯವಳು ಅಂತ ಆಗ ಯಾರೂ ಬಾಯಿ ಬಿಟ್ಟಿರಲಿಲ್ಲ. ಆ ಹೋಳಿಗೆ ಮಾಡಿದ್ದು ನೀಲವ್ವ. ನಾಲ್ಕನೆಯ ಸಲದ ಗುದ್ದಿನ ಸದ್ದು ಕಿಟಕಿಯಲ್ಲಿದ್ದ ಅಜ್ಜಿಯರಿಗೂ ಕೇಳಿಸಿರಬೇಕು, ಇಬ್ಬರೂ ಇಳಿದು ಬಂದರು. ಗುಟ್ಟಾಗಿ ಉಸುರಬೇಕಾದ 'ಸನ್ನಿಧಿ' ಎಂಬ ಹೆಸರು ಅಷ್ಟು ಹೊತ್ತಿಗೆ ಓಣಿಯ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. ಬಾಗಿದಲ್ಲಿಂದಲೇ ಸುಮಂಗಲೆ, "ಬಂತೇನ್ರಿ?" ಎಂದು ಕೇಳಿದಳು. ಇನ್ನೊಂದು ಸಾಕು ಎಂದೆ.

ಐದನೆಯ ಸಲ ನಾನು ಶಿವಕ್ಕನ ಕಣ್ಣು ತಪ್ಪಿಸಿ ಫ್ಲ್ಯಾಶ್ ಎತ್ತಿದೆ. ಕೋಣೆ ಒಮ್ಮೆ ಬೆಳ್ಳಗಾಯಿತು. ಚಿತ್ರ ಅದ್ಭುತವಾಗಿ ಬಂತು. ಎತ್ತಿದ ಮುಷ್ಟಿ, ಹಲ್ಲು ಕಾಣುವ ನಗು, ಹಣೆಯ ಬೆವರು. ನೀಲವ್ವನವರ ಅಂಥ ಚಿತ್ರ ಹಿಂದೆ ಯಾರೂ ತೆಗೆದಿರಲಾರರು. ನನ್ನ ಹೆಂಡತಿಯ ಮುಖ ಮಾತ್ರ ಸುಣ್ಣ ಬಳಿದ ಗೋಡೆಯಾಗಿತ್ತು. ಮಗು ಚೀರಿ ಮನೆಯೇ ಎದ್ದಿತು, ಶಿವಕ್ಕ ಕ್ಯಾಮೆರಾವನ್ನು ನನ್ನ ಕೊರಳಿಂದ ತೆಗೆದು ಧಾನ್ಯದ ಕೋಣೆಯಲ್ಲಿಟ್ಟು ಚಿಲಕ ಹಾಕಿದರು.

ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ. ಆದದ್ದು ಬೇರೆ. ಒಳಗೆ ನೀಲವ್ವನೇ ಸುಮಂಗಲೆಯ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು, ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಹಳೆಯ ಹೋಳಿಗೆಯ ಮಾತು ಬಾಯಿಬಿಟ್ಟು ಆಡಿ ಮುಗಿಸಿದಂತಿತ್ತು. ಹೊರಡುವಾಗ ಅವಳ ಕೈಗೊಂದು ಬುತ್ತಿ ಬಂತು. ನನಗೆ ಕ್ಯಾಮೆರಾ ವಾಪಸ್ಸು ಬಂತು.

ಗೋಕಾಕಕ್ಕೆ ಬಂದ ಮರುದಿನ ಬೆಳಿಗ್ಗೆ ಚಹ ಕುಡಿಯುತ್ತ ಸುಮಂಗಲೆ ಕ್ಯಾಮೆರಾ ತೆಗೆದುಕೊಂಡು ಒಂದೊಂದೇ ಚಿತ್ರ ನೋಡಿದಳು. ಗಿಳಿಯನ್ನು ನೋಡಿದಳು. ಮುಂದಿನದರ ಮೇಲೆ ಅವಳ ಬೆರಳು ನಿಂತಿತು. ಅದರಲ್ಲಿ ಅವಳ ತುಟಿ ಇತ್ತು, ಮಗುವಿನ ಕಿವಿ ಇತ್ತು, ಆ ಕಿವಿಯ ಮೇಲಿನ ನವಿರಾದ ಕೂದಲೂ ಇತ್ತು. ಯಾವ ಸ್ಟುಡಿಯೋದವನೂ ತೆಗೆಯಲಾರದ ಚಿತ್ರ.

"ಇದು ಎಷ್ಟನೇದ್ರಿ?" ಎಂದಳು.

ಗಿಳಿ ಎರಡನೆಯದು, ನೀಲವ್ವ ಐದನೆಯದು ಎಂಬುದು ಅವಳಿಗೆ ಗೊತ್ತಿತ್ತು. ಲೆಕ್ಕ ತಪ್ಪಿಸುವಂತಿರಲಿಲ್ಲ. ಮೂರನೆಯದು ಎಂದೆ. ಕೋಣೆಯ ಬೆಳಕು, ಪರದೆಯ ಸಣ್ಣತನ, ಲೆನ್ಸಿನ ಸ್ವಭಾವ ಇವುಗಳ ಬಗ್ಗೆ ಸ್ವಲ್ಪ ಹೇಳಿದೆ. ನಿಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ: ಮೂರನೆಯ ಸಲ ಪರದೆ ನೋಡಿದಾಗಲೇ ನನಗೆ ಎಲ್ಲ ಸ್ಪಷ್ಟವಾಗಿ ಕಂಡಿತ್ತು. ಫಾಲ್ಸಿನ ಚಿತ್ರಗಳ ಬಗ್ಗೆ ಅವಳು ಕೇಳಿದ ಪ್ರಶ್ನೆಯೂ ಆಗಲೇ ನೆನಪಾಗಿತ್ತು.

ಸುಮಂಗಲೆ ಚಹದ ಕಪ್ಪನ್ನು ಕೆಳಗಿಟ್ಟು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.

"ಹಂಗಾದ್ರ ಕಡೀವು ಎರಡು ನಿಮ್ಮವು," ಎಂದಳು. "ಬಗ್ರಿ."